ಋತು, ಉತ್ಪಾತ, ಅಯನಚಲನ: ವಾಯುಗುಣದ ಅರಿವು ಮತ್ತು ಕನ್ನಡದ ಕಾಲಕಲ್ಪನೆ

1

ಕರ್ನಾಟಕದ ಹೊರಗೆ ಕನ್ನಡವನ್ನು ಕಲಿಸುವವರಿಗೆ ಅನುವಾದದ ತರಗತಿಯೇ ಒಂದು ಪ್ರಯೋಗಶಾಲೆ. ಕೆಲವು ವರ್ಷಗಳ ಹಿಂದೆ ಅಂಥದೊಂದು ತರಗತಿಯಲ್ಲಿ ‘ಕ್ಲೈಮೇಟ್ ಚೇಂಜ್’ ಎಂಬ ಎರಡು ಪದಗಳನ್ನು ಕನ್ನಡಕ್ಕೆ ತರುವಂತೆ ವಿದ್ಯಾರ್ಥಿಗಳಿಗೆ ಹೇಳಿದ್ದೆ. ಪುಣೆಯಲ್ಲಿ ಬೆಳೆದ ವಿದ್ಯಾರ್ಥಿನಿ ‘ಹವಾಮಾನ ಬದಲಾವಣೆ’ ಎಂದು ಬರೆದಳು. ಹೈದರಾಬಾದಿನಿಂದ ಬಂದವನು ‘ವಾತಾವರಣದ ಮಾರ್ಪಾಟು’ ಎಂದ. ದೆಹಲಿಯಲ್ಲೇ ಹುಟ್ಟಿ ಬೆಳೆದವನ ಉತ್ತರ ‘ಜಲವಾಯು ಪರಿವರ್ತನೆ’. ಚೆನ್ನೈನ ವಿದ್ಯಾರ್ಥಿ ‘ಕಾಲಸ್ಥಿತಿಯ ಬದಲಾವಣೆ’ ಎಂಬ ಹೊಸ ಪದವನ್ನೇ ಕಟ್ಟಿಕೊಟ್ಟ. ಕರ್ನಾಟಕದ ಶಾಲೆಯಲ್ಲಿ ಓದಿ ಬಂದ ಒಬ್ಬಳು ಮಾತ್ರ ‘ವಾಯುಗುಣ ಬದಲಾವಣೆ’ ಎಂದು ಬರೆದು, ‘ಆದರೆ ಪತ್ರಿಕೆಗಳಲ್ಲಿ ಹವಾಮಾನ ವೈಪರೀತ್ಯ ಎನ್ನುತ್ತಾರೆ ಸರ್’ ಎಂದು ಅನುಮಾನದಿಂದಲೇ ಸೇರಿಸಿದಳು.

ಇವರಲ್ಲಿ ಯಾರೂ ತಪ್ಪು ಮಾಡಿದವರಲ್ಲ. ಪ್ರತಿಯೊಬ್ಬರೂ ತಮ್ಮ ಸುತ್ತಲಿನ ಭಾಷೆಯ ಮೂಲಕ ಕನ್ನಡವನ್ನು ತಲುಪಿದ್ದರು. ಮರಾಠಿಯಲ್ಲಿ ‘ಹವಾಮಾನ’ ಎಂಬ ಒಂದೇ ಪದ ದಿನದಿನದ ಹವೆಗೂ ಒಂದು ಪ್ರದೇಶದ ದೀರ್ಘಕಾಲದ ಹವೆಯ ಸ್ವಭಾವಕ್ಕೂ ಸಲ್ಲುತ್ತದೆ. ಹಿಂದಿಯು ‘ಮೌಸಮ್’ ಮತ್ತು ‘ಜಲವಾಯು’ ಎಂದು ಇವೆರಡನ್ನು ಬೇರ್ಪಡಿಸುತ್ತದೆ. ತಮಿಳಿನಲ್ಲಿ ‘ವಾನಿಲೈ’ ಒಂದು, ‘ಕಾಲನಿಲೈ’ ಇನ್ನೊಂದು. ತೆಲುಗಿನ ‘ವಾತಾವರಣಂ’ ದಿನದ ಹವೆಯನ್ನು ಹೇಳಿದರೆ, ಅದೇ ಪದ ಕನ್ನಡದಲ್ಲಿ ಭೂಮಿಯನ್ನು ಆವರಿಸಿರುವ ಗಾಳಿಯ ಹೊದಿಕೆಯನ್ನು ಸೂಚಿಸುತ್ತದೆ. ಸಭೆಯ ವಾತಾವರಣ, ಮನೆಯ ವಾತಾವರಣ ಎಂಬ ಲಾಕ್ಷಣಿಕ ಬಳಕೆಗಳು ಬೇರೆ. ಕನ್ನಡದ ಪಠ್ಯಪುಸ್ತಕಗಳು ದಿನದ ಸ್ಥಿತಿಗೆ ‘ಹವಾಮಾನ’ವನ್ನೂ ದೀರ್ಘಕಾಲದ ಸ್ಥಿತಿಗೆ ‘ವಾಯುಗುಣ’ವನ್ನೂ ಗೊತ್ತುಪಡಿಸಿವೆ. ಆದರೆ ಪತ್ರಿಕೆಯ ಭಾಷೆ ಈ ವಿಂಗಡಣೆಯನ್ನು ಉಳಿಸಿಕೊಂಡಿಲ್ಲ. ಶಾಲೆಯಲ್ಲಿ ಕಲಿತ ಭೇದವನ್ನು ಓದುಗ ಬೆಳಗಿನ ಪತ್ರಿಕೆಯಲ್ಲಿ ಕಳೆದುಕೊಳ್ಳುತ್ತಾನೆ.

ಇದನ್ನು ಕೇವಲ ಪಾರಿಭಾಷಿಕ ಪದಗಳ ಗೊಂದಲ ಎಂದು ಬಿಟ್ಟುಬಿಡುವಂತಿಲ್ಲ. ಹವೆಗೂ ವಾಯುಗುಣಕ್ಕೂ ಇರುವ ಅಂತರವು ಈ ವಿಜ್ಞಾನದ ಮೊದಲ ಪಾಠ. ಅದು ಕೈತಪ್ಪಿದರೆ ಮುಂದಿನ ಯಾವ ಪಾಠವೂ ದಕ್ಕುವುದಿಲ್ಲ. ಹಾಗಾದರೆ ಕನ್ನಡದ ಮನಸ್ಸು ಈ ಅಂತರವನ್ನು ಹಿಂದೆ ಯಾವ ಬಗೆಯಲ್ಲಿ ಗ್ರಹಿಸಿತ್ತು? ಮಧ್ಯಕಾಲೀನ ಶಾಸ್ತ್ರ ಮತ್ತು ಕಾವ್ಯಗಳು ನಮಗೆ ಬಿಟ್ಟುಹೋಗಿರುವ ಕಾಲಕಲ್ಪನೆಗಳಲ್ಲಿ ಯಾವುವು ಇಂದಿನ ಕಲಿಕೆಗೆ ನೆರವಾಗುತ್ತವೆ, ಯಾವುವು ನಮಗೆ ತಿಳಿಯದಂತೆಯೇ ಅಡ್ಡಿಯಾಗುತ್ತಿವೆ? ಈ ಪ್ರಶ್ನೆಗಳನ್ನು ಎತ್ತುವುದು ಪ್ರಸ್ತುತ ಲೇಖನದ ಉದ್ದೇಶ.

2

ವಾಯುಗುಣವೆಂಬುದು ಯಾರೂ ಕಣ್ಣಿನಿಂದ ಕಾಣದ ವಸ್ತು. ಕಾಣುವುದು ಇಂದಿನ ಮಳೆ, ನಿನ್ನೆಯ ಬಿಸಿಲು. ಇವುಗಳನ್ನು ಅನೇಕ ವರ್ಷ ಅಳೆದು, ಸರಾಸರಿಯನ್ನೂ ಏರಿಳಿತದ ವ್ಯಾಪ್ತಿಯನ್ನೂ ಲೆಕ್ಕಹಾಕಿದಾಗ ದೊರೆಯುವುದು ವಾಯುಗುಣ. ಜಾಗತಿಕ ಹವಾಮಾನ ಸಂಸ್ಥೆಯು ಇದಕ್ಕೆ 30 ವರ್ಷಗಳ ಅವಧಿಯನ್ನು ಮಾನದಂಡವಾಗಿ ಇರಿಸಿಕೊಂಡಿದೆ. ಆದ್ದರಿಂದ ವಾಯುಗುಣವು ಘಟನೆಯಲ್ಲ. ಘಟನೆಗಳ ಬಗ್ಗೆ ನಾವು ಇರಿಸಿಕೊಳ್ಳಬಹುದಾದ ನಿರೀಕ್ಷೆ.

ನಮ್ಮ ಸಾಹಿತ್ಯದಲ್ಲಿ ಇಂಥ ನಿರೀಕ್ಷೆಯ ರೂಪ ಯಾವುದು ಎಂದು ಹುಡುಕಿದರೆ ಅದು ಋತುವರ್ಣನೆಯಲ್ಲಿ ಸಿಗುತ್ತದೆ. ಅಷ್ಟಾದಶ ವರ್ಣನೆಗಳಲ್ಲಿ ಒಂದಾದ ಋತುವರ್ಣನೆಯನ್ನು ಆಧುನಿಕ ವಿಮರ್ಶೆ ಬಹುಕಾಲ ಜಡ ಸಂಪ್ರದಾಯವೆಂದು ಬದಿಗೆ ಸರಿಸಿತು. ಕವಿ ಕಂಡದ್ದನ್ನು ಬರೆಯದೆ ಬರೆಯಬೇಕಾದ್ದನ್ನು ಬರೆದನೆಂಬುದು ಆಕ್ಷೇಪ. ಆ ಆಕ್ಷೇಪವನ್ನೇ ತಿರುವಿ ನೋಡಬಹುದು. ಕಾವ್ಯದ ವರ್ಷಋತುವಿನಲ್ಲಿ ಯಾವ ಒಂದು ವರ್ಷದ ಮಳೆಯೂ ಇಲ್ಲ. ಮಳೆಗಾಲವೆಂದರೆ ಹೇಗಿರಬೇಕೋ ಹಾಗಿರುವ ಮಳೆ ಅಲ್ಲಿದೆ. ತಲೆಮಾರುಗಳ ಅನುಭವವನ್ನು ಸೋಸಿ ನಿಲ್ಲಿಸಿದ ಒಂದು ಸಾಮಾನ್ಯ ಪ್ರತಿಮೆ ಅದು. ಪಂಪನ ಬನವಾಸಿಯನ್ನೇ ತೆಗೆದುಕೊಳ್ಳಿ. ಕ್ರಿ. ಶ. 941ರ ಸುಮಾರಿನ ‘ವಿಕ್ರಮಾರ್ಜುನ ವಿಜಯ’ದಲ್ಲಿ ಆ ನಾಡಿನ ಗಾಳಿ, ಹೂವು, ತಂಪುಗಳು ನೆನಪಿಗೆ ಬರುವ ಬಗೆಯಲ್ಲಿ ಒಂದು ದಿನದ ಹವೆಯಿಲ್ಲ, ಒಂದು ನಾಡಿನ ವಾಯುಗುಣವಿದೆ. ಹವೆಗೂ ವಾಯುಗುಣಕ್ಕೂ ಇರುವ ಭೇದವನ್ನು ಕನ್ನಡ ವಿದ್ಯಾರ್ಥಿಗೆ ಮನಗಾಣಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ನನಗೆ ತೋರದು.

ಆದರೆ ಋತುವಿನ ಕಲ್ಪನೆಗೆ ಒಂದು ಮಿತಿಯಿದೆ. ‘ಋತ’ವೆಂದರೆ ನಿಯತಿ, ಕ್ರಮ. ಋತುಚಕ್ರವು ಮರಳಿ ಮರಳಿ ಬರುತ್ತದೆ. ತಾನು ಮಾತ್ರ ಬದಲಾಗುವುದಿಲ್ಲ. ಕಾವ್ಯದಲ್ಲಿ ಋತು ತಪ್ಪಿ ಬಂದರೆ ಅದು ಪವಾಡ ಅಥವಾ ಅಪಶಕುನ. ಕ್ರಮವೇ ನಿಧಾನವಾಗಿ ಬೇರೊಂದು ಕ್ರಮಕ್ಕೆ ಜಾರಬಹುದೆಂಬ ಅರಿವಿಗೆ ಅಲ್ಲಿ ಸ್ಥಳವಿಲ್ಲ. ವಾಯುಗುಣ ಬದಲಾವಣೆಯೆಂಬ ಮಾತಿನ ಕಾಠಿಣ್ಯ ಇರುವುದು ಇಲ್ಲೇ: ಬದಲಾಗಬಾರದೆಂದು ನಾವು ಭಾವಿಸಿರುವುದೇ ಬದಲಾಗುತ್ತಿದೆ ಎಂದು ಅದು ಹೇಳುತ್ತದೆ.

3

ಕಾವ್ಯವು ಋತುವನ್ನು ನಂಬಿದರೆ ಶಾಸ್ತ್ರವು ಲಕ್ಷಣವನ್ನು ಹುಡುಕಿತು. ಕಲ್ಯಾಣದ ಚಾಲುಕ್ಯ ಜಯಸಿಂಹನ ಕಾಲದಲ್ಲಿ, 1025ರ ಸುಮಾರಿಗೆ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವು ಪಂಚಾಂಗ, ವಾಸ್ತು, ಅಂತರ್ಜಲದ ಶೋಧ, ವೃಕ್ಷಾಯುರ್ವೇದ, ಪಾಕಗಳ ಜೊತೆಗೆ ಮಳೆಯ ಸೂಚನೆಗಳನ್ನೂ ಒಳಗೊಂಡಿದೆ. 1300ರ ಸುಮಾರಿನ ‘ರಟ್ಟಮತ’ವು ಇನ್ನೂ ನೇರವಾಗಿ ಈ ವಿಷಯಕ್ಕೇ ಮೀಸಲಾದ ಗ್ರಂಥ. ಜೈನ ಕವಿ ಅರ್ಹದ್ದಾಸನದೆನ್ನುವ ಈ ಕೃತಿಯು ಮಳೆ, ಗುಡುಗು, ಮಿಂಚು, ಭೂಕಂಪ, ಗ್ರಹಚಾರ, ಶಕುನಗಳನ್ನು ಕುರಿತದ್ದು. ಇದು ತೆಲುಗಿಗೂ ಹೋಗಿದೆ ಎಂಬುದು ಹೈದರಾಬಾದಿನ ಸಂಶೋಧಕರಿಗೆ ಆಸಕ್ತಿಯ ಸಂಗತಿ. ಎರಡರ ಹಿಂದೆಯೂ ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯ ಪರಂಪರೆ ನಿಂತಿದೆ.

ಈ ಗ್ರಂಥಗಳ ಆಧುನಿಕ ಓದಿನಲ್ಲಿ ಎರಡು ಧೋರಣೆಗಳು ಪದೇ ಪದೇ ಕಾಣಿಸಿಕೊಳ್ಳುತ್ತವೆ. ಮೊದಲನೆಯದು ಇವನ್ನು ಪ್ರಾಚೀನ ಹವಾಮಾನ ವಿಜ್ಞಾನವೆಂದು ಕೊಂಡಾಡುವುದು. ಎರಡನೆಯದು ಇವನ್ನು ಮೂಢನಂಬಿಕೆಯ ಪಟ್ಟಿಯೆಂದು ಮುಚ್ಚಿಡುವುದು. ಎರಡೂ ಪಠ್ಯವನ್ನು ಓದುವ ಶ್ರಮವನ್ನು ತಪ್ಪಿಸಿಕೊಳ್ಳುತ್ತವೆ.

ಉದಾಹರಣೆಗೆ ಮೇಘಗರ್ಭದ ಸಿದ್ಧಾಂತವನ್ನು ನೋಡಬಹುದು. ಮಾರ್ಗಶಿರದಿಂದಾಚೆಗೆ ಆಕಾಶದಲ್ಲಿ ಕೆಲವು ಲಕ್ಷಣಗಳು ತೋರಿದರೆ ಮೋಡಗಳು ಗರ್ಭ ಧರಿಸಿದವೆಂದೂ, 195 ದಿನಗಳ ಅನಂತರ ಆ ಗರ್ಭವು ಮಳೆಯಾಗಿ ಹೆರಿಗೆಯಾಗುವುದೆಂದೂ ಬೃಹತ್ಸಂಹಿತೆಯ ಮತ. ಮೋಡವು ಆರೂವರೆ ತಿಂಗಳು ಬಸಿರಾಗಿರುವುದಿಲ್ಲ ಎಂದು ಇಂದು ಯಾರಾದರೂ ಹೇಳಬಲ್ಲರು. ಆದರೆ ಈ ಸಿದ್ಧಾಂತದ ಆಕೃತಿಯನ್ನು ಗಮನಿಸಬೇಕು. ಬರುವ ಮಳೆಗಾಲದ ಬೀಜವು ಹಿಂದಿನ ಚಳಿಗಾಲದಲ್ಲೇ ಇದೆ, ನಡುವೆ ಒಂದು ಗೊತ್ತಾದ ಕಾಲಾಂತರವಿದೆ, ಆ ಅಂತರವನ್ನು ಎಣಿಸಬಹುದು ಎಂಬ ಊಹೆ ಅದರಲ್ಲಿದೆ.

ಇದೇ ಆಕೃತಿಯ ಊಹೆಯನ್ನು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮತ್ತೆ ಕಾಣುತ್ತೇವೆ. 1876–78ರ ಮಹಾಕ್ಷಾಮವನ್ನು ಮೈಸೂರು ಸೀಮೆ ‘ಧಾತು ಬರ’ವೆಂದು ನೆನಪಿನಲ್ಲಿಟ್ಟುಕೊಂಡಿದೆ. ಆ ಕ್ಷಾಮದ ತರುವಾಯ, 1875ರಲ್ಲಷ್ಟೇ ಸ್ಥಾಪಿತವಾಗಿದ್ದ ಭಾರತೀಯ ಹವಾಮಾನ ಇಲಾಖೆಯ ಮುಖ್ಯಸ್ಥ ಬ್ಲ್ಯಾನ್‌ಫರ್ಡ್, ಹಿಮಾಲಯದಲ್ಲಿ ಚಳಿಗಾಲ ಮತ್ತು ವಸಂತದಲ್ಲಿ ಬಿದ್ದ ಹಿಮಕ್ಕೂ ಮುಂದಿನ ಮುಂಗಾರಿಗೂ ಸಂಬಂಧವಿದೆಯೆಂದು 1880ರ ದಶಕದಲ್ಲಿ ಪ್ರತಿಪಾದಿಸಿ ಮುನ್ಸೂಚನೆ ಕೊಡತೊಡಗಿದ. ಅನಂತರ ಬಂದ ಗಿಲ್ಬರ್ಟ್ ವಾಕರ್ ಲೋಕದ ನಾನಾ ಕಡೆಗಳ ವಾಯುಭಾರದ ದಾಖಲೆಗಳನ್ನು ಹೋಲಿಸಿ, ಪೆಸಿಫಿಕ್ ಸಾಗರದ ಎರಡು ತುದಿಗಳ ನಡುವೆ ತಕ್ಕಡಿಯಂತೆ ತೂಗುವ ‘ದಕ್ಷಿಣ ಆಂದೋಲನ’ವನ್ನು 1924ರಲ್ಲಿ ಹೆಸರಿಸಿದ. ಅದು ಏಕೆ ತೂಗುತ್ತದೆ ಎಂಬುದು ಅವನಿಗೆ ತಿಳಿದಿರಲಿಲ್ಲ. ಅವನ ಕೈಯಲ್ಲಿದ್ದುದು ಲಕ್ಷಣ ಮಾತ್ರ. ಸಮುದ್ರದ ಮೇಲ್ಮೈ ಬಿಸಿಯೇರುವ ಎಲ್ ನಿನೋ ಎಂಬ ವಿದ್ಯಮಾನಕ್ಕೂ ಈ ಆಂದೋಲನಕ್ಕೂ ಇರುವ ಕಾರ್ಯಕಾರಣ ಸಂಬಂಧವನ್ನು ಯಾಕೊಬ್ ಬ್ಯೆರ್ಕ್ನೆಸ್ ವಿವರಿಸಿದ್ದು 1969ರಲ್ಲಿ.

ಹಾಗಾದರೆ ರಟ್ಟಮತಕ್ಕೂ ವಾಕರನಿಗೂ ಇರುವ ವ್ಯತ್ಯಾಸವೇನು? ಒಂದು ಪೌರ್ವಾತ್ಯ, ಇನ್ನೊಂದು ಪಾಶ್ಚಾತ್ಯ ಎಂಬ ಉತ್ತರ ಸುಲಭ, ಆದರೆ ಪೊಳ್ಳು. ವ್ಯತ್ಯಾಸ ಇರುವುದು ಸುಳ್ಳಾದ ಲಕ್ಷಣದ ಲೆಕ್ಕವನ್ನು ಇಟ್ಟರೋ ಇಲ್ಲವೋ ಎಂಬುದರಲ್ಲಿ. ಬ್ಲ್ಯಾನ್‌ಫರ್ಡನ ಹಿಮದ ಸೂತ್ರವು ಮುಂದೆ ಸಡಿಲಗೊಂಡಿತು. ಸಡಿಲಗೊಂಡದ್ದನ್ನು ಅದೇ ಇಲಾಖೆಯ ಅಂಕಿಗಳು ತೋರಿಸಿಕೊಟ್ಟವು. ಲಕ್ಷಣಶಾಸ್ತ್ರದಲ್ಲಿ ಫಲ ತಪ್ಪಿದರೆ ಮತ್ತೊಂದು ಅಪವಾದಸೂತ್ರ ಸೇರುತ್ತದೆ. ಮೂಲಸೂತ್ರ ಹಾಗೆಯೇ ಉಳಿಯುತ್ತದೆ. ನಮ್ಮ ಪೂರ್ವಿಕರು ನೋಡಲಿಲ್ಲವೆಂದಲ್ಲ, ಬಹಳ ನೋಡಿದರು. ನೋಡಿದ್ದು ತಪ್ಪಿದಾಗ ಅದನ್ನು ಬರೆದಿಡುವ ಪದ್ಧತಿ ಬೆಳೆಯಲಿಲ್ಲ.

4

ಈಗ ಇಂದಿನ ಕನ್ನಡ ಬರವಣಿಗೆಗೆ ಬರೋಣ. ಕನ್ನಡದಲ್ಲಿ ವಿಜ್ಞಾನವನ್ನು ಹೇಳುವ ಪರಂಪರೆ ಬಡವಾದುದಲ್ಲ. ಬೆಳ್ಳಾವೆ ವೆಂಕಟನಾರಣಪ್ಪನವರು 1918ರಲ್ಲಿ ಆರಂಭಿಸಿದ ‘ವಿಜ್ಞಾನ’ ಪತ್ರಿಕೆಯಿಂದ ಶಿವರಾಮ ಕಾರಂತರ ‘ವಿಜ್ಞಾನ ಪ್ರಪಂಚ’ದ ಸಂಪುಟಗಳವರೆಗೆ, ಅಲ್ಲಿಂದ ಕರ್ನಾಟಕ ರಾಜ್ಯ ವಿಜ್ಞಾನ ಪರಿಷತ್ತಿನ ‘ಬಾಲ ವಿಜ್ಞಾನ’, ನಾಗೇಶ ಹೆಗಡೆಯವರ ‘ಇರುವುದೊಂದೇ ಭೂಮಿ’, ಭೂವಿಜ್ಞಾನಿ ಟಿ. ಆರ್. ಅನಂತರಾಮು ಅವರ ಕೃತಿಗಳವರೆಗೆ ಈ ಹಾದಿ ಸಾಗಿ ಬಂದಿದೆ. ಇಲ್ಲಿ ನನ್ನ ವಿಮರ್ಶೆಯ ಗುರಿ ಈ ಬರಹಗಾರರಲ್ಲ. ದಿನಪತ್ರಿಕೆಯ ಸಂಪಾದಕೀಯ, ವಾರ್ಷಿಕೋತ್ಸವದ ಭಾಷಣ, ಶಾಲೆಯ ಪ್ರಬಂಧ ಸ್ಪರ್ಧೆಗಳಲ್ಲಿ ರೂಢಿಯಾಗಿರುವ ಸಾಮಾನ್ಯ ಗದ್ಯವೇ ಇಲ್ಲಿನ ಪಠ್ಯ.

ಈ ಗದ್ಯದಲ್ಲಿ ಪ್ರಕೃತಿಯು ಮುನಿಯುತ್ತದೆ, ಭೂತಾಯಿ ಸೇಡು ತೀರಿಸಿಕೊಳ್ಳುತ್ತಾಳೆ, ಮನುಷ್ಯನ ದುರಾಸೆಗೆ ತಕ್ಕ ಶಾಸ್ತಿಯಾಗುತ್ತದೆ. ಮಧ್ಯಕಾಲೀನ ಪಠ್ಯಗಳನ್ನು ಓದಿದವರಿಗೆ ಈ ಧಾಟಿ ಪರಿಚಿತ. ಇದು ಉತ್ಪಾತದ ಧಾಟಿ. ಬೃಹತ್ಸಂಹಿತೆಯು ಉತ್ಪಾತಗಳನ್ನು ದಿವ್ಯ, ಆಂತರಿಕ್ಷ, ಭೌಮ ಎಂದು ಮೂರಾಗಿ ವಿಂಗಡಿಸಿ, ಜನರ ಅಪಚಾರದಿಂದ ಪಾಪ ಸಂಚಯವಾಗಿ ಅದರಿಂದ ಇಂಥ ಉಪದ್ರವಗಳು ತೋರುತ್ತವೆ ಎನ್ನುತ್ತದೆ. ಪಾಪದ ಸ್ಥಾನದಲ್ಲಿ ‘ದುರಾಸೆ’ಯನ್ನು, ಶಾಂತಿಹೋಮದ ಸ್ಥಾನದಲ್ಲಿ ‘ಒಂದು ಗಿಡ ನೆಡಿ’ ಎಂಬುದನ್ನು ಇರಿಸಿದರೆ ಇಂದಿನ ಪ್ರಬಂಧ ಸಿದ್ಧವಾಗುತ್ತದೆ.

ಈ ಧಾಟಿಯಲ್ಲಿ ನೈತಿಕ ಕಳಕಳಿ ಇದೆ, ಅದನ್ನು ಅಲ್ಲಗಳೆಯಲಾರೆ. ಮನುಷ್ಯನ ನಡತೆಗೂ ಆಕಾಶದ ನಡತೆಗೂ ಸಂಬಂಧವಿದೆ ಎಂಬ ಅದರ ಮೂಲ ಅಂತಃಪ್ರಜ್ಞೆ ಇಂದು ಬೇರೊಂದು ಅರ್ಥದಲ್ಲಿ ನಿಜವಾಗಿಯೂ ಇದೆ. ತೊಂದರೆ ಇರುವುದು ಮೂರು ಕಡೆ.

ಮೊದಲನೆಯದಾಗಿ, ಉತ್ಪಾತದ ಧಾಟಿ ಎಲ್ಲ ವಿಪತ್ತುಗಳನ್ನೂ ಒಂದೇ ಚೀಲಕ್ಕೆ ತುಂಬುತ್ತದೆ. 2018ರ ಕೊಡಗಿನ ಭೂಕುಸಿತ, 2019ರ ಉತ್ತರ ಕರ್ನಾಟಕದ ನೆರೆ, 2023ರ ಬರ ಎಲ್ಲವೂ ‘ಹವಾಮಾನ ವೈಪರೀತ್ಯ’ವೇ. ಆದರೆ ಭೂಕುಸಿತದಲ್ಲಿ ಮಳೆಯ ಜೊತೆಗೆ ಇಳಿಜಾರಿನ ಕೋನ, ಶಿಥಿಲಗೊಂಡ ಶಿಲೆಯ ಮೇಲೆ ನಿಂತ ಮಣ್ಣಿನ ದಪ್ಪ, ರಸ್ತೆಗೂ ಕಟ್ಟಡಗಳಿಗೂ ಗುಡ್ಡದ ಬುಡವನ್ನು ಕಡಿದದ್ದು ಇವೆಲ್ಲ ಪಾತ್ರ ವಹಿಸುತ್ತವೆ. 2023ರಲ್ಲಿ ರಾಜ್ಯದ 236 ತಾಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಅದು ಎಲ್ ನಿನೋ ತಲೆಯೆತ್ತಿದ ವರ್ಷ. ಧಾತು ಬರದ ಹಿಂದೆಯೂ ಪ್ರಬಲವಾದ ಎಲ್ ನಿನೋ ಇತ್ತು. ಕಾದ ಲೋಕದಲ್ಲಿ ಇಂಥ ಬರ ಇನ್ನಷ್ಟು ಕಠಿಣವಾಗುತ್ತದೆ ಎಂಬುದು ಒಂದು ಮಾತು. ಬರವೆಲ್ಲ ವಾಯುಗುಣ ಬದಲಾವಣೆಯೇ ಎಂಬುದು ಬೇರೆ ಮಾತು. ಎರಡನೆಯ ಮಾತನ್ನು ಕಲಿತ ಓದುಗನು ಮುಂದಿನ ವರ್ಷ ಒಳ್ಳೆಯ ಮಳೆ ಬಂದೊಡನೆ ಬದಲಾವಣೆ ನಿಂತಿತೆಂದು ತಿಳಿಯುತ್ತಾನೆ.

ಎರಡನೆಯದಾಗಿ, ಇಲ್ಲಿ ಪಾಪವಿದೆ, ಪ್ರಮಾಣವಿಲ್ಲ. ಭೂಮಿ ಸೂರ್ಯನ ಬೆಳಕಿನಿಂದ ಕಾಯುತ್ತದೆ. ಕಾದ ನೆಲವು ಕಣ್ಣಿಗೆ ಕಾಣದ ಶಾಖಕಿರಣಗಳನ್ನು ಹೊರಸೂಸುತ್ತದೆ. ನೀರಾವಿ, ಇಂಗಾಲದ ಡೈಆಕ್ಸೈಡ್‌ನಂಥ ಅನಿಲಗಳು ಬೆಳಕನ್ನು ಒಳಗೆ ಬಿಟ್ಟು ಶಾಖದ ನಿರ್ಗಮನವನ್ನು ತಡೆಯುತ್ತವೆ. 1856ರಲ್ಲಿ ಯೂನಿಸ್ ಫೂಟ್ ಈ ಅನಿಲವನ್ನು ಬಿಸಿಲಿನಲ್ಲಿಟ್ಟು ಅದು ಹೆಚ್ಚು ಕಾಯುವುದನ್ನು ಕಂಡಳು. 1859ರಲ್ಲಿ ಜಾನ್ ಟಿಂಡಾಲ್ ಶಾಖಕಿರಣಗಳ ತಡೆಯನ್ನೇ ಅಳೆದ. 1896ರಲ್ಲಿ ಅರ್ಹೇನಿಯಸ್ ಅನಿಲದ ಪ್ರಮಾಣ ಹೆಚ್ಚಿದರೆ ಭೂಮಿ ಎಷ್ಟು ಕಾಯುವುದೆಂದು ಲೆಕ್ಕಹಾಕಿದ. 1958ರಲ್ಲಿ ಚಾರ್ಲ್ಸ್ ಕೀಲಿಂಗ್ ಹವಾಯಿಯ ಮೌನಾ ಲೋವಾ ಶಿಖರದಲ್ಲಿ ಅಳತೆ ಆರಂಭಿಸಿದಾಗ ಗಾಳಿಯ 10 ಲಕ್ಷ ಭಾಗಗಳಲ್ಲಿ ಈ ಅನಿಲ ಸುಮಾರು 315 ಭಾಗವಿತ್ತು; 2024ರಲ್ಲಿ ಅದು ಸುಮಾರು 424. ಕೈಗಾರಿಕಾ ಕ್ರಾಂತಿಗೆ ಮುನ್ನ ಇದ್ದದ್ದು ಸುಮಾರು 280. ಇದು ಪಾಪದ ಕತೆಯಲ್ಲ, ಲೆಕ್ಕದ ಕತೆ. ಲೆಕ್ಕವಿದ್ದಾಗ ಮಾತ್ರ ಯಾರು ಎಷ್ಟು ಸುಟ್ಟರು ಎಂಬ ನ್ಯಾಯದ ಪ್ರಶ್ನೆಯನ್ನೂ ಕೇಳಬಹುದು. ‘ಮನುಷ್ಯನ ದುರಾಸೆ’ ಎಂಬ ಏಕವಚನದಲ್ಲಿ ರಾಯಚೂರಿನ ಕೂಲಿಯೂ ತೈಲ ಕಂಪನಿಯ ಒಡೆಯನೂ ಸಮಾನ ಅಪರಾಧಿಗಳಾಗಿಬಿಡುತ್ತಾರೆ.

ಮೂರನೆಯದು ಪದಗಳ ತೊಂದರೆ. ‘ಹಸಿರುಮನೆ ಪರಿಣಾಮ’ವು ಶಬ್ದಶಃ ಭಾಷಾಂತರ. ಶೀತದೇಶಗಳಲ್ಲಿ ಗಿಡಗಳನ್ನು ಬೆಚ್ಚಗಿಡಲು ಕಟ್ಟುವ ಗಾಜಿನ ಮನೆ ನಮ್ಮ ಹೆಚ್ಚಿನ ಓದುಗರ ಅನುಭವದಲ್ಲಿಲ್ಲ. ಮೇಲಾಗಿ ಕನ್ನಡದಲ್ಲಿ ‘ಹಸಿರು’ ಎಂದರೆ ಸೊಂಪು, ಸಮೃದ್ಧಿ, ಶುಭ. ‘ಹಸಿರುಮನೆ ಅನಿಲ’ ಕೇಡು ಮಾಡುತ್ತದೆ ಎಂಬುದು ಕಿವಿಗೆ ವಿರೋಧಾಭಾಸದಂತೆ ಕೇಳುತ್ತದೆ. ‘ಭೂತಾಪ’ ಎಂದರೆ ನೆಲದೊಳಗಿನ ಶಾಖ ಎಂಬ ಅರ್ಥವೂ ಹೊರಡುತ್ತದೆ. ಇವಕ್ಕೆ ಬದಲು ಕಂಬಳಿಯ ಹೋಲಿಕೆಯನ್ನು ಬಳಸಿ ನೋಡಬಹುದು. ಕಂಬಳಿ ತಾನಾಗಿ ಶಾಖವನ್ನು ಹುಟ್ಟಿಸುವುದಿಲ್ಲ. ಮೈಯ ಶಾಖ ಹೊರಹೋಗುವುದನ್ನು ತಡೆಯುತ್ತದೆ. ಕಂಬಳಿಯೇ ಇಲ್ಲದಿದ್ದರೆ ಭೂಮಿ ಹೆಪ್ಪುಗಟ್ಟುತ್ತಿತ್ತು. ತೀರಾ ದಪ್ಪವಾದರೆ ಬೆವರುತ್ತದೆ. ಹೋಲಿಕೆ ಪೂರ್ಣವಲ್ಲ, ಆದರೆ ಅದರಲ್ಲಿ ಕಾರಣವಿದೆ.

5

ಉತ್ಪಾತವು ಹಠಾತ್ತಾಗಿ ಒದಗುವುದು. ನಿಧಾನವಾದ ಬದಲಾವಣೆಗೆ ನಮ್ಮ ಪರಂಪರೆಯಲ್ಲಿ ಕಲ್ಪನೆಯೇ ಇಲ್ಲವೆ ಎಂದರೆ, ಇದೆ. ಜೈನ ಕಾಲಚಕ್ರದ ಅವಸರ್ಪಿಣಿ ಅಂಥದು. ಕನ್ನಡದ ಆದಿಪುರಾಣ ಪರಂಪರೆಗೆ ಆಕರವಾದ ಜಿನಸೇನಾಚಾರ್ಯರ ‘ಪೂರ್ವಪುರಾಣ’ದಲ್ಲಿ ಒಂದು ಅಪೂರ್ವ ಸನ್ನಿವೇಶವಿದೆ. ಭೋಗಭೂಮಿಯ ಕಾಲ ಕ್ಷೀಣಿಸುತ್ತ ಬಂದು, ಬೆಳಕು ಕೊಡುತ್ತಿದ್ದ ಕಲ್ಪವೃಕ್ಷಗಳ ಕಾಂತಿ ಮಂಕಾದಾಗ ಜನರಿಗೆ ಮೊದಲ ಬಾರಿಗೆ ಆಕಾಶದಲ್ಲಿ ಸೂರ್ಯಚಂದ್ರರು ಕಾಣುತ್ತಾರೆ. ಅವರು ಹೆದರುತ್ತಾರೆ. ಆಗ ಮೊದಲ ಕುಲಕರನಾದ ಪ್ರತಿಶ್ರುತಿಯು, ಇವು ಹೊಸದಾಗಿ ಹುಟ್ಟಿದವಲ್ಲ, ಮೊದಲಿಂದಲೂ ಇದ್ದವು, ಬೆಳಕು ಕುಂದಿದ್ದರಿಂದ ಈಗ ಕಾಣುತ್ತಿವೆ ಎಂದು ವಿವರಿಸಿ ಭಯ ನೀಗುತ್ತಾನೆ. ಲೋಕದ ಸ್ಥಿತಿಯೇ ಬದಲಾಗುವಾಗ ಕಲಿಸುವವನ ಕರ್ತವ್ಯವೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ರೂಪಕವಿರಲಾರದು. ಅವನು ಶಾಂತಿಕರ್ಮವನ್ನು ಹೇಳಲಿಲ್ಲ, ಕಾರಣವನ್ನು ಹೇಳಿದ.

ಆದರೆ ಅವಸರ್ಪಿಣಿಯಲ್ಲಿ ಕರ್ತೃವಿಲ್ಲ. ಕಾಲವೇ ಇಳಿಯುತ್ತದೆ, ಅದನ್ನು ಯಾರೂ ಇಳಿಸುವುದಿಲ್ಲ, ಯಾರೂ ತಡೆಯಲಾರರು. ‘ಕಲಿಕಾಲ’ವೆಂಬ ನಿಟ್ಟುಸಿರಿನಲ್ಲಿಯೂ ಇದೇ ಭಾವವಿದೆ. ಇದರ ಆಧುನಿಕ ಅವತಾರವೊಂದು ವಿದ್ಯಾವಂತರ ನಡುವೆಯೂ ಸುಳಿಯುತ್ತದೆ: ‘ಭೂಮಿಯ ವಾಯುಗುಣ ಎಂದೂ ಬದಲಾಗುತ್ತಲೇ ಬಂದಿದೆ, ಇದರಲ್ಲಿ ಹೊಸತೇನು?’

ಈ ಪ್ರಶ್ನೆಗೆ ಉತ್ತರಿಸಲು ಭೂವಿಜ್ಞಾನದ ದೀರ್ಘಕಾಲ ಬೇಕು. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾದ ಪರ್ಯಾಯದ್ವೀಪದ ನೈಸ್ ಶಿಲೆ. ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳ ಕಂಬಗಲ್ಲುಗಳು ಸುಮಾರು 8.8 ಕೋಟಿ ವರ್ಷಗಳ ಹಿಂದೆ ಭಾರತವು ಮಡಗಾಸ್ಕರದಿಂದ ಬೇರ್ಪಡುತ್ತಿದ್ದ ಕಾಲದ ಲಾವಾ. ಮುಂಬಯಿ ಪುಣೆಗಳ ಕನ್ನಡಿಗರು ದಿನವೂ ತುಳಿಯುವ ಕಪ್ಪು ಶಿಲೆ ಸುಮಾರು 6.6 ಕೋಟಿ ವರ್ಷಗಳ ಹಿಂದಿನ ದಖನ್ ಜ್ವಾಲಾಮುಖಿಗಳದು. ಕನ್ನಡ ಕಾದಂಬರಿಯೊಳಗೆ ಇಂಥ ಕಾಲವನ್ನು ತಂದವರು ಪೂರ್ಣಚಂದ್ರ ತೇಜಸ್ವಿ. 1980ರ ‘ಕರ್ವಾಲೊ’ದಲ್ಲಿ ಹಾರುವ ಓತಿಯ ಹುಡುಕಾಟವು ಮಲೆನಾಡಿನ ಒಂದು ಹಳ್ಳಿಯನ್ನು ಜೀವವಿಕಾಸದ ಕಾಲದ ಎದುರು ನಿಲ್ಲಿಸುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಕಲ್ಪವೊಂದಕ್ಕೆ 432 ಕೋಟಿ ವರ್ಷ, ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷ. ಆದ್ದರಿಂದ ನಮ್ಮವರಿಗೆ ಮೊದಲೇ ಗೊತ್ತಿತ್ತು ಎಂಬ ವಾದವನ್ನು ವಿಚಾರಗೋಷ್ಠಿಗಳಲ್ಲಿಯೂ ಕೇಳಿದ್ದೇನೆ. ಒಂದು ಸಂಖ್ಯೆ ಯುಗಗಣಿತದ ಗುಣಾಕಾರದಿಂದ ಬಂದದ್ದು. ಇನ್ನೊಂದು ಉಲ್ಕಾಶಿಲೆಗಳ ವಿಕಿರಣ ಧಾತುಗಳ ಕ್ಷಯವನ್ನು ಅಳೆದು ಬಂದದ್ದು. ಸಂಖ್ಯೆಗಳು ಹತ್ತಿರ ಬಂದ ಮಾತ್ರಕ್ಕೆ ಜ್ಞಾನ ಒಂದೇ ಆಗುವುದಿಲ್ಲ. ಜ್ಞಾನವು ಫಲಿತಾಂಶದಲ್ಲಿಲ್ಲ, ಅದನ್ನು ತಲುಪಿದ ದಾರಿಯಲ್ಲಿದೆ.

ದೀರ್ಘಕಾಲವನ್ನು ಹೀಗೆ ಗ್ರಹಿಸಿದಾಗ ಮೇಲಿನ ಪ್ರಶ್ನೆಯ ಉತ್ತರ ಸ್ಪಷ್ಟವಾಗುತ್ತದೆ. ಅಂಟಾರ್ಕ್ಟಿಕದ ಹಿಮದಲ್ಲಿ ಸಿಕ್ಕಿಬಿದ್ದ ಗಾಳಿಗುಳ್ಳೆಗಳ ಪ್ರಕಾರ ಕಳೆದ 8 ಲಕ್ಷ ವರ್ಷಗಳಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 180ರಿಂದ 300 ಭಾಗಗಳ ನಡುವೆ ಓಲಾಡಿತ್ತು. ಹಿಮಯುಗದಿಂದ ಹೊರಬರುವಾಗ ಸುಮಾರು 80 ಭಾಗಗಳ ಏರಿಕೆಗೆ ಸಾವಿರಾರು ವರ್ಷ ಹಿಡಿಯಿತು. 1958ರಿಂದ ಈಚೆಗೆ ಒಬ್ಬ ಮನುಷ್ಯನ ಆಯುಷ್ಯದೊಳಗೆ ಅದಕ್ಕಿಂತ ಹೆಚ್ಚು ಏರಿದೆ. ಬದಲಾವಣೆ ಹೊಸದಲ್ಲ, ಅದರ ವೇಗ ಹೊಸದು, ಅದರ ಕರ್ತೃ ಹೊಸಬ.

6

ಇನ್ನು ಕೊನೆಯ ಕಲ್ಪನೆ. ನನ್ನ ಅಭಿಪ್ರಾಯದಲ್ಲಿ ನಮ್ಮ ಪರಂಪರೆಯಲ್ಲಿ ಇಂದಿನ ಕಲಿಕೆಗೆ ಅತ್ಯಂತ ಉಪಯುಕ್ತವಾದುದು ಇದೇ. ಆದರೆ ಸಾಹಿತ್ಯದ ವಿದ್ಯಾರ್ಥಿಗಳು ಇದನ್ನು ಗಣಿತಜ್ಯೋತಿಷವೆಂದು ಬಿಟ್ಟುಬಿಟ್ಟಿದ್ದಾರೆ.

ಕನ್ನಡದ ರೈತರು ಮಳೆಯನ್ನು ನಕ್ಷತ್ರದಿಂದ ಹೆಸರಿಸುತ್ತಾರೆ: ರೋಹಿಣಿ, ಮೃಗಶಿರ, ಆರಿದ್ರೆ, ಪುನರ್ವಸು, ಪುಷ್ಯ. ಸೂರ್ಯನು ಒಂದೊಂದು ನಕ್ಷತ್ರದಲ್ಲಿ ಸುಮಾರು 13–14 ದಿನ ಇರುತ್ತಾನೆ. ಇತ್ತೀಚೆಗೆ ಈ ಮಳೆಗಳು ಹೇಳಿದಂತೆ ಬರುವುದಿಲ್ಲ ಎಂಬ ಅಳಲು ಎಲ್ಲೆಡೆ ಇದೆ. ಇದಕ್ಕೆ ಕೂಡಲೇ ವಾಯುಗುಣ ಬದಲಾವಣೆಯ ಹೆಸರು ಹೇಳುವುದು ಈಗಿನ ರೂಢಿ. ಆದರೆ ಒಂದು ಸರಳ ಲೆಕ್ಕವನ್ನು ಮೊದಲು ಮಾಡಬೇಕು. ಭೂಮಿಯ ಅಕ್ಷವು ಬುಗುರಿಯಂತೆ ನಿಧಾನವಾಗಿ ಓಲಾಡುತ್ತ ಸುಮಾರು 26,000 ವರ್ಷಗಳಲ್ಲಿ ಒಂದು ಸುತ್ತು ಮುಗಿಸುತ್ತದೆ. ಆದ್ದರಿಂದ ನಕ್ಷತ್ರಗಳನ್ನು ಆಧರಿಸಿದ ಪಂಚಾಂಗವು ಋತುಗಳಿಗೆ ಹೋಲಿಸಿದರೆ ಸುಮಾರು 72 ವರ್ಷಕ್ಕೆ ಒಂದು ದಿನದಂತೆ ಹಿಂದೆ ಬೀಳುತ್ತದೆ. ಇಂದು ಸೂರ್ಯನು ಆರ್ದ್ರಾ ನಕ್ಷತ್ರವನ್ನು ಪ್ರವೇಶಿಸುವುದು ಜೂನ್ 21–22ರ ಸುಮಾರಿಗೆ. ರಟ್ಟಮತದ ಕಾಲದಲ್ಲಿ ಅದೇ ಪ್ರವೇಶವು ಋತುವಿನ ಲೆಕ್ಕದಲ್ಲಿ ಸುಮಾರು 10 ದಿನ ಮೊದಲೇ, ಈಗಿನ ಜೂನ್ 12ಕ್ಕೆ ಸಮನಾದ ದಿನದಲ್ಲಿ ಆಗುತ್ತಿತ್ತು. ಮುಂಗಾರು ನಡೆಯುವುದು ಸೂರ್ಯನ ಉತ್ತರಾಯಣ ದಕ್ಷಿಣಾಯನಗಳಿಗೆ ಹೊಂದಿಕೊಂಡು. ಅದು ನಕ್ಷತ್ರದ ಹೆಸರನ್ನು ಅನುಸರಿಸುವುದಿಲ್ಲ. ಆದ್ದರಿಂದ ಮಳೆ ಒಂದಿಷ್ಟೂ ಬದಲಾಗದಿದ್ದರೂ 700 ವರ್ಷ ಹಳೆಯ ಸೂತ್ರವು ಮುಕ್ಕಾಲು ನಕ್ಷತ್ರದಷ್ಟು ತಪ್ಪಲೇಬೇಕು.

ನಮ್ಮ ಗಣಿತಜ್ಞರಿಗೆ ಇದು ತಿಳಿಯದ ವಿಷಯವಾಗಿರಲಿಲ್ಲ. ‘ಲಘುಮಾನಸ’ದ ಕರ್ತೃವಾದ ಹತ್ತನೆಯ ಶತಮಾನದ ಮಂಜುಲನ ಅಯನಚಲನದ ಗಣನೆಯನ್ನು 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ ಭಾಸ್ಕರಾಚಾರ್ಯ ಪ್ರಸ್ತಾಪಿಸುತ್ತಾನೆ. ಅಯನಬಿಂದುವು ಮುಂದೆ ಹೋಗಿ ಮತ್ತೆ ಹಿಂದಿರುಗುವುದೋ, ಒಂದೇ ದಿಕ್ಕಿನಲ್ಲಿ ಸಾಗುವುದೋ ಎಂಬ ಬಗ್ಗೆ ಮತಭೇದವಿತ್ತು. ಆದರೆ ಅದು ಚಲಿಸುತ್ತದೆ, ಎಷ್ಟು ಚಲಿಸುತ್ತದೆಂದು ಎಣಿಸಬಹುದು ಎಂಬುದರಲ್ಲಿ ಮತಭೇದವಿರಲಿಲ್ಲ. ಒಬ್ಬ ಮನುಷ್ಯನ ಆಯುಷ್ಯದಲ್ಲಿ ಒಂದು ದಿನದಷ್ಟು ಮಾತ್ರ ತೋರುವ, ಪಾಪಪುಣ್ಯಗಳ ಸೋಂಕಿಲ್ಲದ, ಅಳತೆಗೆ ಒಳಪಡುವ, ಕ್ರಮದ್ದೇ ಆದ ಬದಲಾವಣೆ ಅದು.

ಇನ್ನೊಂದು ಸ್ವಾರಸ್ಯವಿದೆ. ಇದೇ ಓಲಾಟವು ಬಹುದೀರ್ಘ ಕಾಲದಲ್ಲಿ ವಾಯುಗುಣವನ್ನೂ ಬದಲಿಸುತ್ತದೆ. ಈಗ ಭೂಮಿ ಸೂರ್ಯನಿಗೆ ಅತಿ ಸಮೀಪ ಬರುವುದು ಜನವರಿ ಮೊದಲ ವಾರದಲ್ಲಿ. ಸುಮಾರು 11,000 ವರ್ಷಗಳ ಹಿಂದೆ ಆ ಸಾಮೀಪ್ಯ ಉತ್ತರ ಗೋಳಾರ್ಧದ ಬೇಸಗೆಗೆ ಒದಗುತ್ತಿತ್ತು. ಭೂಖಂಡಗಳು ಹೆಚ್ಚು ಕಾಯುತ್ತಿದ್ದವು, ಮುಂಗಾರು ಇಂದಿಗಿಂತ ಬಲವಾಗಿತ್ತು. ಅರಬ್ಬೀ ಸಮುದ್ರದ ತಳದ ಹೂಳಿನಲ್ಲಿ ಅದರ ಗುರುತುಗಳಿವೆ.

ಹೀಗೆ ಒಂದೇ ನಕ್ಷತ್ರದ ಮಳೆ ತಪ್ಪಿದೆ ಎಂಬ ಅಳಲಿನೊಳಗೆ ಮೂರು ಬೇರೆ ಬೇರೆ ಸಂಗತಿಗಳು ಸೇರಿಕೊಂಡಿರಬಹುದು. ಪಂಚಾಂಗ ಜಾರಿದ್ದು ಒಂದು. ಎಲ್ ನಿನೋದಂಥ ವರ್ಷವರ್ಷದ ಏರಿಳಿತ ಇನ್ನೊಂದು. ಮನುಷ್ಯನು ದಪ್ಪಗೊಳಿಸಿದ ಕಂಬಳಿಯಿಂದ ಬಂದ ಬದಲಾವಣೆ ಮೂರನೆಯದು. ಇವನ್ನು ಬೇರ್ಪಡಿಸಿ ನೋಡಲು ಕಲಿಸುವುದೇ ವಾಯುಗುಣದ ಶಿಕ್ಷಣ. 2024ರಲ್ಲಿ ಭೂಮಿಯ ಸರಾಸರಿ ಉಷ್ಣತೆ ಕೈಗಾರಿಕಾ ಪೂರ್ವ ಮಟ್ಟಕ್ಕಿಂತ ಸುಮಾರು 1.55 ಡಿಗ್ರಿ ಸೆಲ್ಸಿಯಸ್ ಹೆಚ್ಚಿತ್ತು ಎಂಬ ಸುದ್ದಿಯನ್ನು ಓದುವಾಗಲೂ ಇದೇ ವಿವೇಕ ಬೇಕು. ಆ ಅಂಕಿಯಲ್ಲಿ ಎಲ್ ನಿನೋದ ಪಾಲೂ ಇದೆ. 2015ರ ಪ್ಯಾರಿಸ್ ಒಪ್ಪಂದದ 1.5 ಡಿಗ್ರಿಯ ಗೆರೆ ಒಂದು ವರ್ಷದ ಹವೆಯನ್ನು ಕುರಿತದ್ದಲ್ಲ, ದಶಕಗಳ ವಾಯುಗುಣವನ್ನು ಕುರಿತದ್ದು. ಆದರೆ ಎಲ್ ನಿನೋ ಬಂದು ಹೋಗುತ್ತದೆ. ಅದರ ಕೆಳಗಿನ ನೆಲಗಟ್ಟು ಏರುತ್ತಲೇ ಇದೆ.

ಈವರೆಗಿನ ಚರ್ಚೆಯನ್ನು ಹೀಗೆ ಸಂಗ್ರಹಿಸಬಹುದು. ಉತ್ಪಾತದಲ್ಲಿ ಮನುಷ್ಯನ ಕರ್ತೃತ್ವವಿದೆ, ಅಳತೆಯಿಲ್ಲ. ಅವಸರ್ಪಿಣಿಯಲ್ಲಿ ಲೋಕದ ಸ್ಥಿತಿ ಬದಲಾಗುವ ಅರಿವಿದೆ, ಕರ್ತೃವಿಲ್ಲ. ಅಯನಚಲನದಲ್ಲಿ ಅಳತೆಯಿದೆ, ಮನುಷ್ಯನಿಲ್ಲ. ಇಂದಿನ ವಾಯುಗುಣ ಬದಲಾವಣೆಯಲ್ಲಿ ಈ ಮೂರೂ ಒಟ್ಟಿಗೆ ಇವೆ: ಸ್ಥಿತಿ ಬದಲಾಗುತ್ತಿದೆ, ಮನುಷ್ಯ ಬದಲಿಸುತ್ತಿದ್ದಾನೆ, ಬದಲಾವಣೆಯನ್ನು ಅಳೆಯಬಹುದು. ಹೀಗಿರುವುದರಿಂದಲೇ ಅದು ನಮ್ಮ ಯಾವ ಹಳೆಯ ಪೆಟ್ಟಿಗೆಯಲ್ಲೂ ಹಿಡಿಸುವುದಿಲ್ಲ. ಭಾಷೆಯು ತನಗೆ ಅಭ್ಯಾಸವಾದ ಉತ್ಪಾತದ ಪೆಟ್ಟಿಗೆಗೆ ಅದನ್ನು ತುರುಕುತ್ತಿದೆ.

ಹೊರನಾಡಿನ ಕನ್ನಡ ವಿಭಾಗಗಳಿಗೆ ಇಲ್ಲಿ ಎರಡು ಕೆಲಸಗಳಿವೆ. ಮೊದಲನೆಯದು, ಮರಾಠಿ, ತೆಲುಗು, ತಮಿಳು, ಹಿಂದಿಗಳ ನಡುವೆ ಬಾಳುತ್ತಿರುವ ನಾವು ಭೂವಿಜ್ಞಾನದ ಮೂಲಪದಗಳ ತುಲನಾತ್ಮಕ ಕೋಶವೊಂದನ್ನು ಸಿದ್ಧಪಡಿಸಬಲ್ಲೆವು. ಪದಗಳು ಎಲ್ಲಿ ಕೈಕೊಡುತ್ತವೆ ಎಂಬುದು ಒಳನಾಡಿನವರಿಗಿಂತ ನಮಗೆ ಬೇಗ ಕಾಣುತ್ತದೆ. ಎರಡನೆಯದು, ರಟ್ಟಮತ, ಲೋಕೋಪಕಾರಗಳ ಮಳೆಸೂತ್ರಗಳನ್ನು ಅಯನಚಲನದ ತಿದ್ದುಪಡಿಯೊಡನೆ ಹವಾಮಾನ ಇಲಾಖೆಯ ದಾಖಲೆಗಳಿಗೆ ಹೋಲಿಸಿ ನೋಡುವುದು. ಅವು ನಿಜವಾದರೆ ಸಂತೋಷ, ಸುಳ್ಳಾದರೂ ನಷ್ಟವಿಲ್ಲ. ಸುಳ್ಳಾದದ್ದನ್ನು ಬರೆದಿಟ್ಟರೆ ಆ ಪಠ್ಯಗಳಿಗೆ ಅವುಗಳ ಕಾಲದಲ್ಲಿ ಒದಗದ ಪರೀಕ್ಷೆಯನ್ನು ಈಗ ಒದಗಿಸಿದಂತಾಗುತ್ತದೆ.

ಅನುವಾದದ ತರಗತಿಯಲ್ಲಿ ಅಂದು ಕೊನೆಗೆ ನಾವು ‘ವಾಯುಗುಣ ಬದಲಾವಣೆ’ ಎಂಬುದನ್ನೇ ಉಳಿಸಿಕೊಂಡೆವು. ಪದ ನಿರ್ಧಾರವಾಯಿತು. ಅದರ ಅರ್ಥವನ್ನು ಕಲಿಸುವ ಕೆಲಸ ಆ ಬಳಿಕ ಪ್ರಾರಂಭವಾಯಿತು, ಅದಿನ್ನೂ ಮುಗಿದಿಲ್ಲ.